ದಶಮಿಯ ಕೇಕು

ನನ್ನ ತಾಯಿ ಹುಟ್ಟಿದ ದಿನ ಯಾವುದೆಂದು ನನಗೆ ನಲವತ್ತೆರಡು ವರ್ಷಗಳ ಕಾಲ ಗೊತ್ತಿರಲಿಲ್ಲ. ಕೇಳಬೇಕು ಎಂದು ಹೊಳೆದೂ ಇರಲಿಲ್ಲ. ಏಳು ವರ್ಷದ ನನ್ನ ದೊಡ್ಡ ಮಗಳು ಒಂದು ಸಂಜೆ ಅಜ್ಜಿಯ ಪಕ್ಕದಲ್ಲಿ ಕುಳಿತು, ಹೂಬತ್ತಿ ಹೊಸೆಯುತ್ತಿದ್ದ ಅವರನ್ನು ನೇರವಾಗಿ ಕೇಳಿಬಿಟ್ಟಳು.

"ಗೋಕುಲಾಷ್ಟಮಿ ಆಗಿ ಎರಡು ದಿನಕ್ಕ ಹುಟ್ಟೀನಂತ. ಶ್ರಾವಣ ದಶಮಿ. ಹೊಳಿ ತುಂಬಿತ್ತಂತ, ಸೂಲಗಿತ್ತಿ ಬರೋದು ತಡ ಆತಂತ," ಎಂದರು ಅಮ್ಮ.

"ಆವತ್ತು ನಿನಗ ಯಾರು ಏನು ಮಾಡಿ ಕೊಡ್ತಾರ?"

"ನನಗ್ಯಾರು ಮಾಡಿ ಕೊಡಬೇಕು? ನಾನ ಮಾಡ್ಕೋತೀನಿ."

"ಬ್ಯಾರೆ ದಿನ?"

"ಬ್ಯಾರೆ ದಿನಾನೂ ನಾನ."

ಮಗಳು ಎದ್ದು ನನ್ನ ಹತ್ತಿರ ಬಂದಳು. ಮನೆಯಲ್ಲಿ ಕಳವಾಗಿದೆ ಎಂದು ಹೇಳುವವರ ಮುಖ ಹೊತ್ತು, "ಅಪ್ಪಾ, ಅಜ್ಜಿಗೆ ಇಲ್ಲೀತನಕ ಯಾರೂ ಏನೂ ಮಾಡಿ ಕೊಟ್ಟಿಲ್ಲಂತ," ಎಂದಳು. ನಾನು ಪೇಪರಿನ ಪುಟ ತಿರುವಿ, "ಅಜ್ಜಿದು ಮಡಿ, ಅದಕ್ಕ," ಎಂದೆ. ಈ ಉತ್ತರ ನನಗೆ ಜೀವಮಾನವಿಡೀ ಸಾಕಾಗಿತ್ತು. ಅವಳಿಗೆ ಅರ್ಧ ನಿಮಿಷಕ್ಕೂ ಸಾಕಾಗಲಿಲ್ಲ. ಈ ಸಲದ ದಶಮಿಗೆ ಅಜ್ಜಿಗೊಂದು ಕೇಕು ಮಾಡುವುದು, ಅದನ್ನು ಅಜ್ಜಿ ತಿನ್ನುವುದು ಎಂದು ತೀರ್ಮಾನಿಸಿದಳು. ಬರೀ ಕತ್ತರಿಸಿ ಫೋಟೋ ತೆಗೆಸಿಕೊಂಡರೆ ನಡೆಯುವುದಿಲ್ಲ, ತಿನ್ನಬೇಕು ಎಂದು ನನಗೆ ಎರಡು ಸಲ ಹೇಳಿದಳು.

ನಾವಿರುವುದು ಹೊಸಪೇಟೆಯಲ್ಲಿ. ನಾನು ಸಂಡೂರಿನ ಹತ್ತಿರದ ಒಂದು ಗಣಿಯ ಪ್ರಯೋಗಾಲಯದಲ್ಲಿ ಕೆಮಿಸ್ಟ್. ಗುಡ್ಡದಿಂದ ಬಂದ ಅದಿರಿನ ಪುಡಿಯನ್ನು ಓವನ್ನಿನಲ್ಲಿಟ್ಟು ಒಣಗಿಸಿ, ತೂಗಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ಮನೆಯಲ್ಲಿ ಅಡುಗೆಮನೆ ಎರಡು. ಹೊರಗಿನದು ನನ್ನ ಹೆಂಡತಿಯದು, ಅಲ್ಲಿ ಈರುಳ್ಳಿ, ಬ್ರೆಡ್ಡು, ಮಕ್ಕಳ ನೂಡಲ್ಸು ಎಲ್ಲವೂ ನಡೆಯುತ್ತದೆ. ಒಳಗಿನದು ಅಮ್ಮನದು. ಸ್ನಾನ ಮಾಡಿ ಮಡಿಯುಡದೆ ಅದರ ಹೊಸ್ತಿಲು ದಾಟುವಂತಿಲ್ಲ. ಅಲ್ಲಿ ತಾವೇ ಮಾಡಿದ್ದನ್ನು ಮಾತ್ರ ಅಮ್ಮ ಉಣ್ಣುತ್ತಾರೆ. ಮದುವೆ ಮನೆಗೆ ಹೋದರೂ ಎರಡು ಬಾಳೆಹಣ್ಣು ತಿಂದು ಬರುತ್ತಾರೆ. ಅತ್ತೆ ಸೊಸೆ ಹತ್ತು ವರ್ಷದಿಂದ ಜಗಳವಿಲ್ಲದೆ ಇರುವುದಕ್ಕೆ ಆ ಹೊಸ್ತಿಲೇ ಕಾರಣ ಎಂದು ನನ್ನ ಅನಿಸಿಕೆ.

ಆ ವಾರ ಹೆಂಡತಿ ಕಂಪ್ಲಿಯ ತವರಿಗೆ ಹೋಗಿದ್ದಳು. ಅವಳಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಅಮ್ಮ ಕೇಕು ಬೇಡ ಎನ್ನಲಿಲ್ಲ. ಕೇಳಿದ್ದು ನಾನಾಗಿದ್ದರೆ ಒಂದೇ ಮಾತಿಗೆ ತಳ್ಳಿಹಾಕುತ್ತಿದ್ದರು. ಮೊಮ್ಮಗಳಾದ್ದರಿಂದ, "ಶಾಸ್ತ್ರಕ್ಕ ಸರಿ ಇದ್ರ ತಿಂತೀನಿ," ಎಂದರು. ಶಾಸ್ತ್ರಕ್ಕೆ ಸರಿಯಾದ ಕೇಕು ಭೂಮಿಯ ಮೇಲೆ ಇಲ್ಲ ಎಂಬ ಧೈರ್ಯ ಅವರಿಗಿತ್ತು. ಮಗಳು ಶಾಲೆಯ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು, ಅಜ್ಜಿ ಹೇಳಿದ್ದನ್ನೆಲ್ಲ ಬರೆದುಕೊಂಡಳು. ನಾಲ್ಕು ವರ್ಷದ ಚಿಕ್ಕವಳು ಪಕ್ಕದಲ್ಲಿ ಕುಳಿತು ತಾನೂ ಗೀಚಿದಳು.

ಮೊಟ್ಟೆಯ ಮಾತೇ ಇಲ್ಲ, ಅದು ನನಗೂ ಗೊತ್ತಿತ್ತು. ಮೊಟ್ಟೆಯ ಬದಲು ಮೊಸರು ಹಾಕುತ್ತಾರೆ ಎಂದು ನಾನು ಫೋನಿನಲ್ಲಿ ನೋಡಿ ಹೇಳಿದೆ. ಚಾತುರ್ಮಾಸ್ಯದ ಎರಡನೇ ತಿಂಗಳು ಮೊಸರು ವರ್ಜ್ಯ ಎಂದರು ಅಮ್ಮ. ಮಜ್ಜಿಗೆ ಮೊಸರಿನ ಮಗುವಾದ್ದರಿಂದ ಅದೂ ಹೋಯಿತು. ಹಾಲಿಗೆ ನಿಂಬೆಹಣ್ಣು ಹಿಂಡಿದರೆ? "ಹಾಲು ಒಡದ್ರ ಮೊಸರು ಆಗೂದಿಲ್ಲ, ದಂಡ ಆಗ್ತದ. ಆದ್ರೂ ನಡೀತದ," ಎಂದರು. ಕುಕ್ಕರಿನಲ್ಲಿ ಬೇಯಿಸೋಣವೆಂದರೆ, ಹೊರಗೆ ಅನ್ನ ಬೆಂದ ಕುಕ್ಕರ್ ಮುಸುರೆ, ಅದು ಒಳಗೆ ಬರಕೂಡದು, ಬೇಕಿದ್ದರೆ ನನ್ನ ದೊಡ್ಡ ಹಿತ್ತಾಳೆ ಪಾತೇಲಿ ತಗೊಳ್ಳಿ ಎಂದರು. ಪಾತ್ರೆಯ ತಳಕ್ಕೆ ಉಪ್ಪು ಹರವಿ, ಅದನ್ನು ಕಾಯಿಸಿ, ಅದರ ಮೇಲೆ ಕೇಕಿನ ಡಬ್ಬಿ ಇಟ್ಟು ಬೇಯಿಸುವುದು ಎಂದು ನಾನು ವಿವರಿಸಿದೆ. ಉಪ್ಪು ಬಿಸಿಯಾಗಿ ತಾಕಿದರೆ ಮತ್ತೆ ಮುಸುರೆ. ಹಾಗಾದರೆ ಏನು ಹರವುವುದು?

"ಮಣ್ಣು ಹರವ್ರಿ. ಆದ್ರ ಶುದ್ಧ ಮಣ್ಣು ಇರಬೇಕು," ಎಂದು ಅಮ್ಮ ಕೈ ತೊಳೆದುಕೊಂಡರು.

ಇಷ್ಟರ ಮೇಲೆ ಗಡಿಯಾರ ಬೇರೆ. ದಶಮಿಯ ದಿನ ಅಮ್ಮನಿಗೆ ಒಪ್ಪೊತ್ತು, ಮಧ್ಯಾಹ್ನ ಒಂದೇ ಊಟ. ಮರುದಿನ ಏಕಾದಶಿ, ನೀರೂ ಅಷ್ಟಕ್ಕಷ್ಟೆ. ಊಟಕ್ಕೆ ಎಲೆಯ ಮುಂದೆ ಕುಳಿತಿರುವಷ್ಟು ಹೊತ್ತು ಬಡಿಸಿದ್ದನ್ನು ತಿನ್ನಬಹುದು. ಎದ್ದರೆ ಮುಗಿಯಿತು, ಮತ್ತೆ ಬಾಯಿ ತೆರೆಯುವುದು ದ್ವಾದಶಿಯ ಬೆಳಿಗ್ಗೆ. ಅಷ್ಟು ಹೊತ್ತಿಗೆ ಕೇಕು ತಂಗಳಾಗಿರುತ್ತದೆ, ತಂಗಳು ಅಮ್ಮನಿಗೆ ಆಗದು. ಅಮ್ಮ ಊಟಕ್ಕೆ ಕೂರುವ ಹನ್ನೆರಡೂವರೆಯೊಳಗೆ ಕೇಕು ಎಲೆಗೆ ಬರದಿದ್ದರೆ ಮಗಳ ಆಸೆ ಇನ್ನೊಂದು ವರ್ಷಕ್ಕೆ ಹೋಗುತ್ತಿತ್ತು. ಏಳು ವರ್ಷದವಳಿಗೆ ಒಂದು ವರ್ಷವೆಂದರೆ ಎಷ್ಟು ಉದ್ದ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ದಶಮಿ ಭಾನುವಾರ ಬಂತು. ಅಮ್ಮ ಬೆಳಿಗ್ಗೆಯೇ ತಮ್ಮ ಅಡುಗೆ ಮುಗಿಸಿ ಮುಚ್ಚಿಟ್ಟು, ಹತ್ತು ಗಂಟೆಗೆ ಮಠದಲ್ಲಿ ನಡೆಯುತ್ತಿದ್ದ ಪ್ರವಚನಕ್ಕೆ ಹೊರಟರು. ಹೊರಡುವಾಗ, "ಸಣ್ಣ ಮಕ್ಕಳಿಗೆ ಮೈಲಿಗಿ ಇಲ್ಲ. ಅವ್ರು ಮುಟ್ಟಬಹುದು. ನೀ ಮಡಿ ಉಟ್ಟ ಒಳಗ ಹೋಗು," ಎಂದು ನನಗೆ ತಾಕೀತು ಮಾಡಿದರು. ನನ್ನ ಮಡಿ ಪಂಚೆ ಹಿಂದಿನ ದಿನದ ಮಳೆಗೆ ಒಣಗಿರಲಿಲ್ಲ. ಒದ್ದೆಯದೂ ಮಡಿಯೇ ಎನ್ನುತ್ತದೆ ಶಾಸ್ತ್ರ. ಹಾಗಾಗಿ ಎಂ.ಎಸ್ಸಿ. ರಸಾಯನಶಾಸ್ತ್ರ ಓದಿದ ನಾನು, ತೊಟ್ಟಿಕ್ಕುವ ಪಂಚೆ ಸುತ್ತಿಕೊಂಡು, ನಡುಗುತ್ತ ಒಲೆಯ ಮುಂದೆ ನಿಂತೆ. ಮಕ್ಕಳಿಬ್ಬರೂ ನೆಂಟರ ಮದುವೆಗೆಂದು ಹೊಲಿಸಿದ ರೇಷ್ಮೆ ಲಂಗ ಉಟ್ಟಿದ್ದರು. ರೇಷ್ಮೆಗೆ ಮೈಲಿಗೆ ಅಂಟುವುದಿಲ್ಲವಂತೆ. ಮೈದಾ ಅಂಟುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಯಿತು.

ಮೊದಲ ಸಲದ ಹಿಟ್ಟು ಹಾಳಾದದ್ದು ಚಿಕ್ಕವಳಿಂದ. ಸಕ್ಕರೆ, ತುಪ್ಪ, ಹಾಲು, ಸೋಡಾ, ಹಿಟ್ಟು ಎಲ್ಲ ಕಲಸಿ ಮುಗಿಯುವ ಹೊತ್ತಿಗೆ ಅವಳು ಬೆರಳದ್ದಿ ನೆಕ್ಕಿ, ಅದೇ ಬೆರಳನ್ನು ಮತ್ತೆ ಅದ್ದಿದಳು.

"ಅಪ್ಪಾ, ಎಂಜಲು ಮಾಡಿದ್ಲು!" ಎಂದು ದೊಡ್ಡವಳು ಚೀರಿದಳು.

ನಾನು ಪಾತ್ರೆಯನ್ನು ನೋಡಿದೆ. ಪ್ರಯೋಗಾಲಯದಲ್ಲಿ ಮಾದರಿ ಕೆಟ್ಟರೆ ಚೀಟಿ ಬರೆದು ಪಕ್ಕಕ್ಕಿಡುತ್ತೇವೆ. ಇಲ್ಲಿ ಚೀಟಿ ಬರೆಯುವ ಅಗತ್ಯವಿರಲಿಲ್ಲ, ಇಬ್ಬರೂ ಸೇರಿ ಹಸಿ ಹಿಟ್ಟನ್ನು ತಿಂದು ಮುಗಿಸಿದರು. ಎರಡನೇ ಸಲ ಕಲಸುವ ಮೊದಲು ದೊಡ್ಡವಳು ತಂಗಿಯ ಬಾಯಿಗೆ ಒಂದು ಮಡಿ ವಸ್ತ್ರ ಕಟ್ಟಿದಳು. ಪಕ್ಷಪಾತ ಬೇಡವೆಂದು ತನಗೂ ಕಟ್ಟಿಕೊಂಡಳು. ನಿನ್ನದೂ ಕಟ್ಟುತ್ತೇನೆ ಎಂದು ನನ್ನ ಕಡೆ ಬಂದಳು. ಕಟ್ಟಿಸಿಕೊಂಡೆ. ಅದೇ ಹೊತ್ತಿಗೆ ಹಾಲಿನವನು ಹಿತ್ತಲ ಬಾಗಿಲಲ್ಲಿ ಇಣುಕಿ, ಬಾಯಿ ಕಟ್ಟಿಕೊಂಡ ಮೂವರನ್ನು ನೋಡಿ, "ನಾಳೆ ಬರ್ತೀನ್ರಿ," ಎಂದು ಹೋದ.

ಹಿಟ್ಟು ಸಿದ್ಧವಾಯಿತು. ಮಣ್ಣು ಇರಲಿಲ್ಲ.

ಎದುರು ಮನೆ ಕಟ್ಟುತ್ತಿದ್ದರು, ಬೀದಿಯಲ್ಲಿ ಮರಳಿನ ರಾಶಿ ಬಿದ್ದಿತ್ತು. ಒದ್ದೆ ಪಂಚೆಯಲ್ಲೇ ಹೋಗಿ ಬೊಗಸೆ ತುಂಬಿಕೊಂಡು ಬಂದೆ. ಹೊಸ್ತಿಲಲ್ಲಿ ದೊಡ್ಡವಳು ಕೈ ಅಡ್ಡ ಹಿಡಿದಳು.

"ಅಪ್ಪಾ, ಅದರಾಗ ಬೆಕ್ಕು ಹೇಲ್ತದ. ನಾ ದಿನಾ ನೋಡ್ತೀನಿ."

ಮೂಸಿ ನೋಡಿದೆ. ಅವಳು ಹೇಳಿದ್ದು ಸರಿಯಿತ್ತು. ಈಗ ಮರಳೂ ಹೋಯಿತು, ನನ್ನ ಮಡಿಯೂ ಹೋಯಿತು. ಗಂಟೆ ಹನ್ನೊಂದು. ನನಗೆ ಸಿಟ್ಟು ಬಂತು. ಬೆಕ್ಕಿನ ಮೇಲೆ, ಎದುರು ಮನೆಯವರ ಮೇಲೆ, ಊರಿಗೊಂದು ದಾರಿಯಾದರೆ ತಮಗೊಂದು ದಾರಿ ಎನ್ನುವ ಅಮ್ಮನ ಮೇಲೆ. "ಈ ಊರಾಗ ಒಂದು ಹಿಡಿ ಶುದ್ಧ ಮಣ್ಣು ಸಿಗೂದಿಲ್ಲಂದ್ರ!" ಎಂದು ಕೂಗಾಡುತ್ತ ಎರಡನೇ ಸ್ನಾನಕ್ಕೆ ಬಚ್ಚಲಿಗೆ ಹೋದೆ.

ಪಂಚೆಯನ್ನು ಮತ್ತೆ ಹಿಂಡಿ ಉಟ್ಟು ಬರುವಷ್ಟರಲ್ಲಿ ಪಾತೇಲಿಯ ತಳದಲ್ಲಿ ಎರಡು ಬೆರಳು ದಪ್ಪಕ್ಕೆ ನುಣ್ಣಗಿನ ಮಣ್ಣು ಹರವಿತ್ತು. ಮಕ್ಕಳು ಬಾಯಿ ಕಟ್ಟಿಕೊಂಡೇ ನಿಂತಿದ್ದರು.

"ಶುದ್ಧ ಮಣ್ಣು ಸಿಕ್ತಪ್ಪಾ," ಎಂದಳು ದೊಡ್ಡವಳು.

ತುಳಸಿ ಕಟ್ಟೆಯದಿರಬೇಕು ಎಂದುಕೊಂಡೆ. ಹದಿನೆಂಟು ವರ್ಷ ಮಣ್ಣು ನೋಡಿಯೇ ಹೊಟ್ಟೆ ಹೊರೆದವನು ನಾನು. ನಮ್ಮ ತುಳಸಿ ಕಟ್ಟೆಯ ಮಣ್ಣು ಕೆಂಪು, ಇದು ಬಿಳಿಚಾಗಿತ್ತು. ಅಷ್ಟೂ ಕಾಣಲಿಲ್ಲ. ಒಲೆ ಹಚ್ಚಿದೆ, ಮಣ್ಣು ಕಾಯಲು ಬಿಟ್ಟೆ, ಡಬ್ಬಿ ಇಟ್ಟೆ, ಮೇಲೆ ಪರಾತ ಮುಚ್ಚಿ ಅದರ ಮೇಲೆ ರುಬ್ಬುಗುಂಡು ಹೇರಿದೆ. ಮೂವರೂ ಪಾತೇಲಿಯ ಸುತ್ತ ಕುಳಿತೆವು. ಸ್ವಲ್ಪ ಹೊತ್ತಿಗೆ ತುಪ್ಪ ಸಕ್ಕರೆಯ ವಾಸನೆ ಬಂತು, ಆಮೇಲೆ ಸೀದ ವಾಸನೆ ಬಂತು, ಅದರ ಜೊತೆಗೆ ಎಲ್ಲೋ ಮಳೆ ಬಿದ್ದ ಹಾಗೆ ಮಣ್ಣಿನ ವಾಸನೆಯೂ ಬಂತು. ಹೆಂಡತಿ ಕಂಪ್ಲಿಯಿಂದ ಫೋನ್ ಮಾಡಿ, "ಏನ್ರಿ, ಎಲ್ಲಾ ಆರಾಮ ಅದೀರೇನು?" ಎಂದಳು. ಆರಾಮ ಎಂದೆ. ಬಾಯಿಗೆ ಬಟ್ಟೆ ಕಟ್ಟಿದ್ದರಿಂದ ಅವಳಿಗೆ ಏನು ಕೇಳಿಸಿತೋ, ಮಧ್ಯಾಹ್ನದ ಬಸ್ಸಿಗೇ ಹೊರಡುತ್ತೇನೆ ಎಂದಳು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅಮ್ಮ ಬಂದರು. ಕಾಲು ತೊಳೆದು, ಸೀರೆ ಬದಲಿಸಿ, ದೇವರ ಮನೆಗೆ ಹೋದರು. ಅಲ್ಲಿಂದ ಅವರ ದನಿ ಬಂತು. ಗಟ್ಟಿಯಾಗೇನೂ ಇರಲಿಲ್ಲ.

"ಮೃತ್ತಿಕಿ ಡಬ್ಬಿ ಯಾರು ತಗದ್ರಿ?"

ದೇವರ ಮನೆಯಲ್ಲಿ ಒಂದು ದೊಡ್ಡ ಹಿತ್ತಾಳೆ ಡಬ್ಬಿ ಇದೆ. ಹೊಳೆಯ ನಡುಗಡ್ಡೆಯಲ್ಲಿರುವ ನಮ್ಮ ಯತಿ ಗುರುಗಳ ವೃಂದಾವನಗಳ ಮಣ್ಣು ಅದರಲ್ಲಿರುತ್ತದೆ. ಅದಕ್ಕೆ ಮೃತ್ತಿಕೆ ಎನ್ನುತ್ತೇವೆ. ಅಮ್ಮ ದಿನವೂ ಸ್ನಾನವಾದ ಮೇಲೆ ಅದರಿಂದ ಒಂದು ಚಿಟಿಕೆಯನ್ನು ನೀರಿಗೆ ಹಾಕಿ ಕುಡಿದೇ ಉಳಿದದ್ದಕ್ಕೆಲ್ಲ ಬಾಯಿ ತೆರೆಯುವುದು. ಅಪ್ಪ ಬದುಕಿದ್ದಾಗ ಪ್ರತಿ ವರ್ಷ ದೋಣಿಯಲ್ಲಿ ಹೋಗಿ ತರುತ್ತಿದ್ದರು. ಈಗ ಡ್ಯಾಮಿನಿಂದ ನೀರು ಬಿಟ್ಟಿದ್ದರು, ದೋಣಿ ನಿಂತು ಎರಡು ವಾರವಾಗಿತ್ತು.

ಚಿಕ್ಕವಳು ಬಾಯಿಯ ಬಟ್ಟೆ ಕೆಳಗೆ ಎಳೆದು, "ಅಜ್ಜೀ, ನಿನ್ನ ಮಣ್ಣು ಪಾತೇಲ್ಯಾಗ ಅದ. ಮಸ್ತ್ ಬಿಸಿ ಆಗ್ಯದ," ಎಂದು ಸಂತೋಷದಿಂದ ಹೇಳಿದಳು.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆವು ಎನ್ನುತ್ತಾರಲ್ಲ, ಅದು ನೆನಪಾಯಿತು. ಆದರೆ ನಗು ಬರಲಿಲ್ಲ. ನಾನು ದೊಡ್ಡವಳ ಮೇಲೆ ಹರಿಹಾಯ್ದೆ. ತಲೆ ಅದ ಏನು, ದೇವರ ಮನಿ ಸಾಮಾನು ಮುಟ್ಟಬಾರದು ಅಂತ ಗೊತ್ತಿಲ್ಲೇನು, ಅಜ್ಜಿ ಈಗ ನಾಳಿಂದ ಏನು ಮಾಡಬೇಕು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಬಟ್ಟೆಯ ಹಿಂದೆಯೇ ಅಳಲು ಶುರು ಮಾಡಿದಳು. ಬಟ್ಟೆ ಒಳಗೆ ಹೊರಗೆ ಹೋಗುತ್ತಿತ್ತು. ಕೊನೆಗೆ ಅದನ್ನು ಕಿತ್ತು, "ಅಜ್ಜೀನ ಹೇಳಿದ್ದು! ಇಡೀ ಊರಾಗ ಇದಕ್ಕಿಂತ ಶುದ್ಧ ಮಣ್ಣು ಇಲ್ಲಂತ ಅಜ್ಜೀನ ಹೇಳ್ತಾಳ! ಅಜ್ಜಿ ಉಣ್ಣಲಿ ಅಂತ ಹಾಕೀನಿ," ಎಂದಳು.

ಅಮ್ಮ ಅದನ್ನು ಹೇಳುವುದು ನಿಜ. ನಾನೂ ಚಿಕ್ಕಂದಿನಿಂದ ಕೇಳಿದ್ದೆ. ಕೇಳಿದ್ದನ್ನು ನಂಬಿದವಳು ಅವಳೊಬ್ಬಳೇ.

ಅಮ್ಮ ಬಂದು ರುಬ್ಬುಗುಂಡು ತೆಗೆಸಿದರು. ಪರಾತ ಸರಿಸಿ ಒಳಗೆ ಇಣುಕಿದರು. ಕೇಕು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕುಸಿದು, ಅಂಚು ಕಪ್ಪಗಾಗಿ ಕುಳಿತಿತ್ತು. ಅದರ ಕೆಳಗೆ ಅಪ್ಪ ತಂದಿಟ್ಟ ಮಣ್ಣು. ನಾನು ಸಮಾಧಾನ ಹೇಳಲೆಂದು, "ಅಮ್ಮಾ, ಕಾಯಿಸಿದ್ರ ಅದರಾಗಿನ ತೇವ ಹೋಗ್ತದ ಅಷ್ಟ. ಖನಿಜ ಹಂಗ ಉಳೀತದ," ಎಂದೆ.

"ಗುರುಗಳಿಗೆ ನಿನ್ನ ಲ್ಯಾಬ್ ರಿಪೋರ್ಟ್ ಬ್ಯಾಡ. ಮದಲ ಆ ಹುಡುಗೀನ ಬೈಯೋದು ಬಿಡು. ಮಣ್ಣು ನಂದು, ಸಿಟ್ಟು ಬರಬೇಕಾಗಿದ್ದು ನನಗ," ಎಂದರು ಅಮ್ಮ.

"ನಿನಗ ಬಂದಿಲ್ಲೇನು?"

"ಬಂದದ. ಆಮ್ಯಾಲ ನೋಡ್ಕೋತೀನಿ. ಈಗ ಹೊತ್ತಿಲ್ಲ."

ಹನ್ನೆರಡು ದಾಟಿತ್ತು. ಅಮ್ಮ ನೆಲಕ್ಕೆ ಕುಳಿತು ವಿಚಾರ ಮಾಡತೊಡಗಿದರು. ನಮ್ಮ ಮನೆಯ ಹೈಕೋರ್ಟು ಅವರೇ. ಈ ಕೇಕನ್ನು ಎಸೆಯುವಂತಿಲ್ಲ, ಮೃತ್ತಿಕೆಯ ಮೇಲೆ ಬೆಂದದ್ದು ಕಸಕ್ಕೆ ಹೋಗಕೂಡದು. ಹಸುವಿಗೆ ಹಾಕೋಣವೆಂದರೆ ನಮ್ಮ ಬೀದಿಯ ಹಸು ಪ್ಲಾಸ್ಟಿಕ್ ತಿನ್ನುತ್ತದೆ, ಅದರ ಬಾಯಿಗೆ ಇದು ಹೋಗಬಾರದು. ಹೊಳೆಗೆ ಬಿಡೋಣವೆಂದರೆ ಹೊಳೆಯ ಹತ್ತಿರ ಪೊಲೀಸರು ಹಗ್ಗ ಕಟ್ಟಿದ್ದಾರೆ. ಒಂದೊಂದನ್ನೂ ಅವರು ಬೆರಳು ಮಡಿಚುತ್ತ ಹೇಳುತ್ತಿದ್ದರೆ ದೊಡ್ಡವಳು ಅಳುವುದನ್ನು ನಿಲ್ಲಿಸಿ ಆ ಬೆರಳುಗಳನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ತಿನ್ನದೆ ಇರಲು ಒಂದಾದರೂ ದಾರಿ ಸಿಗುತ್ತದೋ ಎಂದು ಅಮ್ಮ ಹುಡುಕುತ್ತಿದ್ದಾರೆ ಎಂದು ನನಗೆ ಮೊದಲು ಅನಿಸಿತು. ಮೂರನೇ ಬೆರಳಿಗೆ ಬರುವಷ್ಟರಲ್ಲಿ ಅನುಮಾನವಾಯಿತು. ಅವರು ದಾರಿಗಳನ್ನು ಒಂದೊಂದಾಗಿ ತಾವೇ ಮುಚ್ಚುತ್ತಿದ್ದರು.

"ಗುರುಗಳ ಮಣ್ಣಿನ ಮ್ಯಾಲ ಬೆಂದದ್ದನ್ನ ಬ್ಯಾಡ ಅನ್ನಲಿಕ್ಕೆ ನಾ ಯಾರು?" ಎಂದು ಅಮ್ಮ ಎದ್ದರು. "ನೈವೇದ್ಯ ಮಾಡು."

ನಾನು ಕೇಕನ್ನು ದೇವರ ಮುಂದಿಟ್ಟು, ಅದರ ಕುಸಿದ ಭಾಗದ ಮೇಲೆ ಒಂದು ತುಳಸಿ ದಳ ಇಟ್ಟು, ನೀರು ಸುತ್ತಿಸಿದೆ. ಅನ್ನ, ಪಾಯಸ, ಹಣ್ಣು ಎಲ್ಲಕ್ಕೂ ಮಂತ್ರ ಬಾಯಿಗೆ ತಾನಾಗಿ ಬರುತ್ತದೆ. ಅಂದು ನಡುವೆ ತಡವರಿಸಿ, ಕೇಕಿಗೆ ಸಂಸ್ಕೃತದಲ್ಲಿ ಏನೆನ್ನಬೇಕೋ ತಿಳಿಯದೆ ಭಕ್ಷ್ಯ ಎಂದು ಮುಂದೆ ಹೋದೆ. ಗಂಟೆ ಬಾರಿಸುವ ಕೆಲಸ ಚಿಕ್ಕವಳದು, ನಿಲ್ಲಿಸು ಎಂದರೂ ನಿಲ್ಲಿಸಲಿಲ್ಲ.

ಅಮ್ಮ ಎಲೆ ಹಾಕಿಕೊಂಡು ಕುಳಿತರು. ಅವರ ಊಟ ನೋಡುವುದು ನನಗೆ ಹೊಸದಲ್ಲ. ಎಲ್ಲವನ್ನೂ ಸುತ್ತ ಇಟ್ಟುಕೊಂಡು, ಎಡಗೈಯಿಂದ ತಾವೇ ಬಡಿಸಿಕೊಂಡು, ಬೇಗ ಬೇಗ ಉಂಡು ಏಳುತ್ತಾರೆ. ಅಂದು ಅನ್ನ ಸಾರು ಮುಗಿದ ಮೇಲೆ ಅವರ ಎಡಗೈ ರೂಢಿಯಿಂದ ಕೇಕಿನ ತಟ್ಟೆಯ ಕಡೆ ಹೋಯಿತು. ದೊಡ್ಡವಳು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, "ನೀ ಹಾಕ್ಕೋಬ್ಯಾಡ. ನಾ ಹಾಕ್ತೀನಿ," ಎಂದಳು.

ಅಮ್ಮನ ಕೈ ಗಾಳಿಯಲ್ಲಿ ನಿಂತಿತು. ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತೊಡೆಯ ಮೇಲಿಟ್ಟುಕೊಂಡರು.

ಮಗಳು ಒಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಎಲೆಗೆ ಹಾಕಿದಳು. ಅಮ್ಮ ಮುರಿದು ಬಾಯಿಗಿಟ್ಟುಕೊಂಡು ಅಗಿದರು. ತುಂಬ ಹೊತ್ತು ಅಗಿಯಬೇಕಾದ ಕೇಕು ಅದು.

"ಹೆಂಗದ ಅಜ್ಜಿ?"

"ತಳ ಸೀದದ. ನಡುವ ಹಸಿ ಅದ. ಸೋಡಾ ಭಾಳ ಆಗ್ಯದ," ಎಂದರು ಅಮ್ಮ. ಮಗಳ ಮುಖ ಸಣ್ಣದಾಯಿತು. ಅಮ್ಮ ಉಳಿದದ್ದನ್ನೂ ಬಾಯಿಗೆ ಹಾಕಿಕೊಂಡು, ಎಲೆಯನ್ನು ಒಂದಿಷ್ಟು ಅವಳ ಕಡೆ ತಳ್ಳಿದರು. "ಹಂಗ ನಿಂತ್ರ ಹೆಂಗ? ಉಣ್ಣೋರ ಎಲಿ ಖಾಲಿ ಇರಬಾರದು. ಬಡಸು."

ಮಗಳು ಬಡಿಸಿದಳು. ಎರಡನೆಯದು, ಮೂರನೆಯದು. ಸಿಹಿ ಅಷ್ಟಾಗಿ ಒಗ್ಗದ ಅಮ್ಮ ಒಂದು ಚೂರನ್ನೂ ಬಿಡದೆ ತಿಂದರು. ನನಗೆ ಬಹಳ ನಾಚಿಕೆಯಾಯಿತು. ಮಡಿ ಎಂಬ ಒಂದು ಮಾತನ್ನು ಹಿಡಿದುಕೊಂಡು, ಇಷ್ಟು ವರ್ಷ ಈ ಮನೆಯಲ್ಲಿ ನಾನು ಕೈ ತೊಳೆದು ಊಟಕ್ಕೆ ಕುಳಿತದ್ದಷ್ಟೇ. ಒಂದು ಪಂಚೆ ಒದ್ದೆ ಮಾಡಿಕೊಂಡಿದ್ದರೆ ಸಾಕಾಗಿತ್ತು.

ತಟ್ಟೆ ಖಾಲಿಯಾಯಿತು. ಗಂಟೆ ಒಂದಾಯಿತು. ಮಕ್ಕಳು ಅಜ್ಜಿಯ ಎಡಬಲಕ್ಕೆ ಕುಳಿತಿದ್ದರು. ಎಲೆ ಎತ್ತಲೆಂದು ನಾನು ಬಗ್ಗಿದೆ, ಅಮ್ಮ ನನ್ನ ಕೈ ತಡೆದರು.

"ಇರಲಿ ಬಿಡು. ಇನ್ನ ಸ್ವಲ್ಪ ಕುಂದರ್ತೀನಿ. ಎದ್ರ ಮುಗೀತದಲ್ಲ," ಎಂದರು.